ಡಬ್ಬಿ ಸಿಕ್ಕಿದರೂ ಸಿಗದಿದ್ದರೂ ಬರೆದಿಡಬೇಕು: ಜಿಯೊಕ್ಯಾಶಿಂಗ್ ಸೇವೆಯ ವಿಮರ್ಶೆ

ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರಕ್ಕೆ ಅಂಟಿಕೊಂಡಂತಿರುವ ಹಿಲ್ಸ್‌ಬರೊದಲ್ಲಿ ನಾವು ನೆಲೆಸಿ ಒಂಬತ್ತು ವರ್ಷಗಳಾದವು. ಜಿಯೊಕ್ಯಾಶಿಂಗ್, ಅಂದರೆ ಜಿಪಿಎಸ್ ಹಿಡಿದು ಯಾರೋ ಅಡಗಿಸಿಟ್ಟ ಡಬ್ಬಿಗಳನ್ನು ಹುಡುಕುವ ಹವ್ಯಾಸ, ನಮ್ಮ ಮನೆಯನ್ನು ಹೊಕ್ಕು ಆರು ವರ್ಷ. ಈ ಅವಧಿಯಲ್ಲಿ ನಾನೂ ನನ್ನ ಮಗಳೂ ಸೇರಿ 412 ಡಬ್ಬಿಗಳನ್ನು ಹುಡುಕಿ ತೆಗೆದಿದ್ದೇವೆ, 67 ಕಡೆ ಬರಿಗೈಯಲ್ಲಿ ಮರಳಿದ್ದೇವೆ, ಎರಡು ಡಬ್ಬಿಗಳನ್ನು ನಾವೇ ಅಡಗಿಸಿಟ್ಟು ನೋಡಿಕೊಳ್ಳುತ್ತಿದ್ದೇವೆ. ಈ ಆಟವನ್ನು ನಡೆಸುವ ಜಿಯೊಕ್ಯಾಶಿಂಗ್ ಡಾಟ್ ಕಾಂ ತಾಣ ಮತ್ತು ಅದರ ಮೊಬೈಲ್ ಆ್ಯಪ್ ಹೇಗಿವೆ ಎಂದು ಇಲ್ಲಿಯ ಕನ್ನಡ ಗೆಳೆಯರು ಆಗಾಗ ಕೇಳುವುದರಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಆ್ಯಪಿನ ಗುಂಡಿಗಳನ್ನೂ ಬಣ್ಣಗಳನ್ನೂ ವಿವರಿಸುವುದಕ್ಕಿಂತ, ಒಬ್ಬರ ಮುಖ ಒಬ್ಬರು ನೋಡದ ಸಾವಿರಾರು ಜನ ಒಂದೇ ಡಬ್ಬಿಯನ್ನು ಕೆಡಿಸದೆ ಬಳಸುವಂತೆ ಈ ಸೇವೆ ಹೇಗೆ ನೋಡಿಕೊಳ್ಳುತ್ತದೆ ಎಂಬುದನ್ನೇ ನಾನು ಮುಖ್ಯವಾಗಿ ತೂಗಿ ನೋಡಿದ್ದೇನೆ.

ಪರಿಚಯವಿಲ್ಲದವರಿಗಾಗಿ ಎರಡು ಮಾತು. ಯಾರೋ ಒಬ್ಬರು ಮುಚ್ಚಳ ಬಿಗಿಯಾಗಿ ಕೂರುವ ಒಂದು ಡಬ್ಬಿಯಲ್ಲಿ ಸಣ್ಣ ಪುಸ್ತಕವೊಂದನ್ನಿಟ್ಟು, ಅದನ್ನು ಸಾರ್ವಜನಿಕರು ಓಡಾಡುವ ಜಾಗದಲ್ಲಿ ಮರೆಯಾಗಿರಿಸಿ, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ತಾಣದಲ್ಲಿ ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹೋಗಿ, ಡಬ್ಬಿಯನ್ನು ಹುಡುಕಿ, ಪುಸ್ತಕದಲ್ಲಿ ಹೆಸರು ಬರೆದು, ಇದ್ದಂತೆಯೇ ಮರಳಿ ಇಟ್ಟು, ಮನೆಗೆ ಬಂದು ಆ ಅನುಭವವನ್ನು ತಾಣದಲ್ಲಿ ದಾಖಲಿಸುತ್ತಾರೆ. ಇಂಗ್ಲಿಷಿನಲ್ಲಿ ಈ ಡಬ್ಬಿಗೆ ಕ್ಯಾಶ್ ಎನ್ನುತ್ತಾರೆ. ಕನ್ನಡದಲ್ಲಿ ಹಾಗೆಯೇ ಬರೆದರೆ ನಗದು ಹಣವೆಂದು ಓದಿಕೊಳ್ಳುವ ಸಂಭವವಿರುವುದರಿಂದ ನಮ್ಮ ಮನೆಯಲ್ಲಿ ಡಬ್ಬಿ ಎಂಬ ಮಾತೇ ರೂಢಿಯಾಗಿದೆ, ಇಲ್ಲಿಯೂ ಅದನ್ನೇ ಬಳಸುತ್ತೇನೆ.

ಈ ಆಟ ಹುಟ್ಟಿದ್ದು ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯ ಒಳಗೆ ತಲುಪಬಹುದಾದ ಬೀವರ್‌ಕ್ರೀಕ್ ಎಂಬ ಊರಿನ ಬಳಿ. ನಾಗರಿಕರ ಜಿಪಿಎಸ್ ಸಂಕೇತಗಳನ್ನು ಬೇಕೆಂದೇ ಮಸುಕುಗೊಳಿಸುತ್ತಿದ್ದ ವ್ಯವಸ್ಥೆಯನ್ನು ಅಮೆರಿಕ ಸರ್ಕಾರ 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಮರುದಿನ, ಅಂದರೆ ಮೇ 3ರಂದು, ಡೇವ್ ಅಲ್ಮರ್ ಎಂಬವರು ಒಂದು ಬಕೆಟನ್ನು ರಸ್ತೆಯ ಪಕ್ಕದ ಕಾಡಿನಂಚಿನಲ್ಲಿರಿಸಿ, ಅದರ ಸ್ಥಾನವನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಏನನ್ನಾದರೂ ತೆಗೆದುಕೊಳ್ಳಿ, ಏನನ್ನಾದರೂ ಇಡಿ, ಪುಸ್ತಕದಲ್ಲಿ ಬರೆಯಿರಿ ಎಂಬುದಷ್ಟೇ ಅವರು ವಿಧಿಸಿದ ನಿಯಮ. 45 ಡಿಗ್ರಿ 17.460 ನಿಮಿಷ ಉತ್ತರ, 122 ಡಿಗ್ರಿ 24.800 ನಿಮಿಷ ಪಶ್ಚಿಮ ಎಂಬ ಆ ಸ್ಥಾನದಲ್ಲಿ ಇಂದು ಸ್ಮರಣ ಫಲಕವಿದೆ. ನಾವು ಮೊದಲ ಸಲ ಅಲ್ಲಿಗೆ ಹೋದಾಗ ಮಗಳು ಅದರ ಎದುರು ಬಹಳ ಹೊತ್ತು ಕುಳಿತಿದ್ದಳು. ಅಲ್ಮರ್ ಅವರ ಬಕೆಟ್ ಅರೆಬರೆ ನೆಲದಲ್ಲಿ ಹೂತಿತ್ತು, ಅದರೊಳಗೆ ತಿನ್ನುವ ಪದಾರ್ಥವೂ ಇತ್ತು. ಇಂದಿನ ನಿಯಮಗಳ ಪ್ರಕಾರ ನೆಲ ಅಗೆದು ಡಬ್ಬಿ ಹೂಳುವಂತಿಲ್ಲ, ತಿನಿಸು ಇಡುವಂತಿಲ್ಲ. ಜನ ಆಡುತ್ತ ಆಡುತ್ತ, ತಪ್ಪುಗಳನ್ನು ಕಂಡು ಕಲಿಯುತ್ತ ಈ ಶಿಸ್ತನ್ನು ಕಟ್ಟಿಕೊಂಡರು ಎಂಬುದಕ್ಕೆ ಆ ಬಕೆಟ್ಟೇ ಸಾಕ್ಷಿ.

ಜೆರೆಮಿ ಐರಿಶ್ ಅವರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆರಂಭಿಸಿದ ಈ ತಾಣದಲ್ಲಿ ಆಗ ಇದ್ದದ್ದು 75 ಡಬ್ಬಿಗಳು. ಸಿಯಾಟಲ್‌ನಿಂದ ನಡೆಯುವ ಅದೇ ತಾಣದಲ್ಲಿ ಇಂದು ಜಗತ್ತಿನಾದ್ಯಂತ ಮೂವತ್ತು ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ. ಖಾತೆ ತೆರೆಯಲು ಹಣ ಕೊಡಬೇಕಿಲ್ಲ. ಹಣ ಕೊಡದ ಸದಸ್ಯರಿಗೆ ಆ್ಯಪಿನಲ್ಲಿ ಸುಲಭದ ಡಬ್ಬಿಗಳಷ್ಟೇ ಪೂರ್ಣವಾಗಿ ತೆರೆದುಕೊಳ್ಳುತ್ತವೆ. ವಾರ್ಷಿಕ ಶುಲ್ಕ ಕಟ್ಟಿದವರಿಗೆ ಎಲ್ಲವೂ ಕಾಣುತ್ತದೆ, ಜೊತೆಗೆ ಒಮ್ಮೆಗೆ 1000 ಡಬ್ಬಿಗಳ ವಿವರವನ್ನು ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದ ಕಡೆಯೂ ಹುಡುಕುವ ಅನುಕೂಲವಿದೆ. ಮಲ್ಟ್‌ನೋಮ ಜಲಪಾತವಿರುವ ಕೊಲಂಬಿಯಾ ನದಿಯ ಕಣಿವೆಯಲ್ಲಿ ಮೊಬೈಲ್ ಸಂಕೇತ ಎಲ್ಲೆಲ್ಲೋ ಕೈಕೊಡುವುದರಿಂದ ಈ ಅನುಕೂಲಕ್ಕಾಗಿಯೇ ನಾನು ಶುಲ್ಕ ಕಟ್ಟುತ್ತಿದ್ದೇನೆ. ಹಣದ ವಿಚಾರದಲ್ಲಿ ಇದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ.

ಹುಡುಕಾಟದ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಬಾಣದ ಗುರುತು ನಮ್ಮನ್ನು ಡಬ್ಬಿಯ ಸಮೀಪಕ್ಕೆ ಒಯ್ಯುತ್ತದೆಯೇ ಹೊರತು ಡಬ್ಬಿಯ ಮೇಲೆಯೇ ಕೈ ಇಡಿಸುವುದಿಲ್ಲ. ಇಲ್ಲಿಯ ಎತ್ತರದ ಡಗ್ಲಸ್ ಫರ್ ಮರಗಳ ಅಡಿಯಲ್ಲಿ ಉಪಗ್ರಹದ ಸಂಕೇತ ಚದುರಿ, ಹತ್ತು ಮೀಟರ್ ಆಚೀಚೆ ತೋರಿಸುವುದು ಸಾಮಾನ್ಯ. ಹೊಸಬರು ಬಾಣವನ್ನೇ ನಂಬಿ ಗಿಡಗಂಟಿಗಳನ್ನು ತುಳಿದು, ಪಾಚಿ ಕಿತ್ತು, ಕಲ್ಲುಗಳನ್ನು ಮಗುಚಿ ಹಾಕುತ್ತಾರೆ. ಹೀಗೆ ತುಳಿದು ಬೋಳಾದ ಜಾಗಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹತ್ತಿರ ಬಂದ ಮೇಲೆ ಫೋನನ್ನು ಜೇಬಿಗಿಟ್ಟು, ಇಲ್ಲಿ ಡಬ್ಬಿ ಇಡುವವರು ನಾವಾಗಿದ್ದರೆ ಎಲ್ಲಿ ಇಡುತ್ತಿದ್ದೆವು ಎಂದು ಯೋಚಿಸುವುದು ಉತ್ತಮ. ಪಾಯ್ಸನ್ ಓಕ್ ಎಂಬ ಮೂರೆಲೆಯ ಗಿಡವನ್ನು ಮಕ್ಕಳಿಗೆ ಮೊದಲೇ ತೋರಿಸಿಕೊಟ್ಟಿರಬೇಕು. ಅದು ಮೈಗೆ ತಗುಲಿದರೆ ತುರಿಕೆಯಿಂದ ವಾರಗಟ್ಟಲೆ ನರಳಬೇಕಾಗುತ್ತದೆ.

ಮೂರು ವರ್ಷದ ಹಿಂದೆ ಮೈಸೂರಿನಿಂದ ಅಮ್ಮ ಬಂದಿದ್ದರು. ಅವರಿಗೆ ಮಂಡಿ ನೋವು. ಹತ್ತು ಮೆಟ್ಟಿಲು ಹತ್ತಿದರೆ ಕುಳಿತುಕೊಳ್ಳಬೇಕು. ಪ್ರತಿ ಡಬ್ಬಿಗೂ ಹುಡುಕಾಟದ ಕಷ್ಟ ಎಷ್ಟು, ದಾರಿಯ ಕಷ್ಟ ಎಷ್ಟು ಎಂದು ಒಂದರಿಂದ ಐದರವರೆಗೆ ಪ್ರತ್ಯೇಕ ಅಂಕಗಳನ್ನು ಕೊಟ್ಟಿರುತ್ತಾರೆ, ದಾರಿಯ ಅಂಕ ಒಂದೇ ಇದ್ದರೆ ಗಾಲಿಕುರ್ಚಿಯಲ್ಲಿಯೂ ಅಲ್ಲಿಗೆ ಹೋಗಬಹುದೆಂದು ಅರ್ಥ. ಈ ಅಂಕದ ಬೆಲೆ ನನಗೆ ತಿಳಿದದ್ದು ಆಗಲೇ. ಒಂದು ಕಡೆ ಯಾರೋ ಅಜಾಗರೂಕತೆಯಿಂದ ಒಂದು ಎಂದು ನಮೂದಿಸಿದ್ದ ಡಬ್ಬಿಗಾಗಿ ಹೋದರೆ ಎದುರಾದದ್ದು ಕೆಸರಿನ ಇಳಿಜಾರು. ಅಮ್ಮ ಕಾರಿನಲ್ಲಿಯೇ ಕುಳಿತು ಕಾಯಬೇಕಾಯಿತು. ಮನೆಗೆ ಬಂದು ನಾನು ಆ ಡಬ್ಬಿಯವರಿಗೆ ವಿನಯದಿಂದ ಸಂದೇಶ ಕಳುಹಿಸಿದೆ, ಅವರು ಕ್ಷಮೆ ಕೇಳಿ ಎರಡು ದಿನಗಳಲ್ಲಿ ಅಂಕವನ್ನು ತಿದ್ದಿದರು. ಡಬ್ಬಿ ಇಡುವವರು ಈ ಅಂಕವನ್ನು ಪ್ರಾಮಾಣಿಕವಾಗಿ ಕೊಡುವುದು ನನ್ನ ದೃಷ್ಟಿಯಲ್ಲಿ ಈ ಹವ್ಯಾಸದ ಮೊದಲ ಮರ್ಯಾದೆ. ಅಮ್ಮನ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಫಾರೆಸ್ಟ್ ಪಾರ್ಕಿನ ಸಮತಟ್ಟಾದ ಕಾಲುದಾರಿಯೊಂದರಲ್ಲಿ ನಾನೂ ಮಗಳೂ ಅರ್ಧ ಗಂಟೆ ತಡಕಾಡಿ ಸೋತಿದ್ದಾಗ, ಮರದ ಬುಡದಲ್ಲಿದ್ದ ಕಡ್ಡಿಗಳ ರಾಶಿಯನ್ನು ಕೋಲಿನಿಂದ ತೋರಿಸಿ ಅವರು "ಇದು ತಾನಾಗೇ ಬಿದ್ದ ಸೌದೆ ಅಲ್ಲ ಕಣೆ ಪುಟ್ಟಿ, ಯಾರೋ ಒಟ್ಟಿರೋದು" ಎಂದರು. ಬಾಲ್ಯದಲ್ಲಿ ಸೌದೆ ಒಟ್ಟಿದ ಕೈಗೆ ಆ ವ್ಯತ್ಯಾಸ ಕೂಡಲೇ ತಿಳಿದಿತ್ತು. ಡಬ್ಬಿ ಅದರ ಕೆಳಗೇ ಇತ್ತು. ಹೆಸರು ಬರೆದ ಮೇಲೆ ಆ ಕಡ್ಡಿಗಳನ್ನು ಮತ್ತೆ ಅದೇ ರೀತಿ ಒಟ್ಟಿಸಿಯೇ ಅವರು ಅಲ್ಲಿಂದ ಹೊರಟದ್ದು.

ಇದ್ದಂತೆಯೇ ಇಡುವುದು ಎಂದರೆ ಇದೇ. ಇನ್ನೂ ಒಳ್ಳೆಯ ಜಾಗ ಕಂಡಿತೆಂದು ಡಬ್ಬಿಯನ್ನು ಎರಡಡಿ ಆಚೆ ಸರಿಸುವುದು, ಮಕ್ಕಳಿಗೆ ಸುಲಭವಾಗಲೆಂದು ಮರೆಯನ್ನು ತೆಗೆದಿಡುವುದು ಸದುದ್ದೇಶದಿಂದಲೇ ನಡೆಯುತ್ತದೆ. ಆದರೆ ಹತ್ತು ಜನ ಎರಡೆರಡು ಅಡಿ ಸರಿಸಿದರೆ ಹನ್ನೊಂದನೆಯವರಿಗೆ ಪ್ರಕಟಿತ ಸ್ಥಾನದಲ್ಲಿ ಏನೂ ಸಿಗುವುದಿಲ್ಲ.

ನಮ್ಮಂತಹವರಿಗೆ ಇರುವ ಇನ್ನೊಂದು ಚಿಂತೆಯನ್ನು ಮರೆಮಾಡುವುದು ಸರಿಯಲ್ಲ. ಇಲ್ಲಿ ಆಟ ಗೊತ್ತಿಲ್ಲದ ದಾರಿಹೋಕರಿಗೆ ಮಗಲ್ ಎನ್ನುತ್ತಾರೆ, ಅವರ ಕಣ್ಣಿಗೆ ಬೀಳದಂತೆ ಡಬ್ಬಿ ತೆಗೆಯಬೇಕು ಎಂಬುದು ರೂಢಿ. ಕಂಡವರು ಕುತೂಹಲಕ್ಕೆ ಡಬ್ಬಿಯನ್ನು ಎತ್ತಿಕೊಂಡು ಹೋಗಬಹುದೆಂಬುದೇ ಇದಕ್ಕೆ ಕಾರಣ. ಕಂದು ಮೈಬಣ್ಣದ ವ್ಯಕ್ತಿಯೊಬ್ಬರು ಸಂಜೆಯ ಹೊತ್ತಿನಲ್ಲಿ ಅಂಗಡಿಯೊಂದರ ಪಾರ್ಕಿಂಗ್ ಜಾಗದ ದೀಪದ ಕಂಬದ ಬುಡವನ್ನು ಸುತ್ತುತ್ತಿದ್ದರೆ ಅದು ಬೇರೆಯವರಿಗೆ ಹೇಗೆ ಕಾಣುತ್ತದೆ ಎಂಬುದನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಒಮ್ಮೆ ಕಾವಲುಗಾರರೊಬ್ಬರು ನನ್ನನ್ನು ತಡೆದರು. ನಾನು ಏನನ್ನೋ ಕಳೆದುಕೊಂಡಿದ್ದೇನೆ ಎಂದು ನೆಪ ಹೇಳದೆ, ಫೋನಿನಲ್ಲಿ ನಕ್ಷೆಯನ್ನು ತೋರಿಸಿ ಆಟವನ್ನು ವಿವರಿಸಿದೆ. ಅವರು ತಾವೇ ಕಂಬದ ಬುಡದ ತಗಡಿನ ಹೊದಿಕೆಯನ್ನೆತ್ತಿ, ಒಳಗಿದ್ದ ಪುಟ್ಟ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಆದರೆ ಆ ಸ್ಥಳದ ಮಾಲೀಕರಿಗೆ ಡಬ್ಬಿಯ ವಿಷಯವೇ ತಿಳಿದಿಲ್ಲವೆಂದು ಅವರಿಂದ ಗೊತ್ತಾಯಿತು. ಖಾಸಗಿ ಜಾಗದಲ್ಲಿ ಅನುಮತಿಯಿಲ್ಲದೆ ಡಬ್ಬಿ ಇಡುವುದು ನಿಯಮಕ್ಕೆ ವಿರುದ್ಧ. ಇಟ್ಟವರ ಈ ತಪ್ಪಿಗೆ ಉತ್ತರ ಕೊಡಬೇಕಾದವರು ಹುಡುಕಲು ಹೋದವರು. ಆ ಮಾತನ್ನು ಮುಚ್ಚುಮರೆಯಿಲ್ಲದೆ ತಾಣದಲ್ಲಿ ದಾಖಲಿಸಿದೆ, ಸ್ವಯಂಸೇವಕ ಪರಿಶೀಲಕರು ಕೆಲವೇ ದಿನಗಳಲ್ಲಿ ಆ ಡಬ್ಬಿಯನ್ನು ಪಟ್ಟಿಯಿಂದ ತೆಗೆದರು. ಇದು ಸಣ್ಣ ವಿಷಯವಲ್ಲ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಎಂಬ ಊರಿನಲ್ಲಿ ಉಪಾಹಾರ ಗೃಹದ ಎದುರು ಒಬ್ಬರು ಡಬ್ಬಿ ತೆಗೆದಿಟ್ಟದ್ದನ್ನು ಕಂಡವರು ಬಾಂಬ್ ಎಂದು ಶಂಕಿಸಿ, ಕೊನೆಗೆ ಸೇನೆಯ ತಜ್ಞರು ಬಂದು ಅದನ್ನು ಸ್ಫೋಟಿಸಬೇಕಾಯಿತು. ಡಬ್ಬಿ ಪಾರದರ್ಶಕವಾಗಿರಬೇಕು, ಅದರ ಮೇಲೆ ಅದೇನೆಂದು ದೊಡ್ಡ ಅಕ್ಷರದಲ್ಲಿ ಬರೆದಿರಬೇಕು ಎಂದು ಹಿರಿಯ ಆಟಗಾರರು ಒತ್ತಿ ಹೇಳುವುದು ಇದರಿಂದಲೇ.

ಈ ಸೇವೆಯ ಅತ್ಯುತ್ತಮ ಭಾಗ ಲಾಗ್, ಅಂದರೆ ಹುಡುಕಿದವರು ಬರೆಯುವ ದಾಖಲೆ. ಅನೇಕರು ಡಬ್ಬಿಗೆ ಧನ್ಯವಾದ ಎಂಬುದರ ಇಂಗ್ಲಿಷ್ ಮೊದಲಕ್ಷರಗಳಾದ ಟಿಎಫ್‌ಟಿಸಿ ಎಂದಷ್ಟೇ ಬರೆದು ಮುಗಿಸುತ್ತಾರೆ. ಸಂಭ್ರಮದಿಂದ ಜಾಗ ಹುಡುಕಿ, ಮಳೆಯಲ್ಲಿ ನೆನೆದು ಡಬ್ಬಿ ಇಟ್ಟವರಿಗೆ ಆ ನಾಲ್ಕು ಅಕ್ಷರಗಳಿಂದ ಏನು ತಿಳಿದೀತು? ನಮ್ಮ ಎರಡು ಡಬ್ಬಿಗಳಲ್ಲಿ ಒಂದಕ್ಕೆ ಒಬ್ಬರು ಬರೆದ ಐದು ಸಾಲಿನ ಲಾಗ್ ನನಗೆ ಇಂದಿಗೂ ನೆನಪಿದೆ: ಬೆಳಗಿನ ಮಂಜಿನಲ್ಲಿ ಜಿಂಕೆಯೊಂದು ದಾರಿಗೆ ಅಡ್ಡ ಬಂದಿತೆಂದೂ, ಡಬ್ಬಿಯ ಮುಚ್ಚಳದ ರಬ್ಬರ್ ಸ್ವಲ್ಪ ಸೀಳಿದೆಯೆಂದೂ ಅದರಲ್ಲಿತ್ತು. ಆ ವಾರಾಂತ್ಯದಲ್ಲಿಯೇ ನಾನು ಹೋಗಿ ಮುಚ್ಚಳ ಬದಲಿಸಿದ್ದರಿಂದ ಮಳೆಗಾಲಕ್ಕೆ ಮೊದಲು ಪುಸ್ತಕ ಉಳಿಯಿತು. ಆದರೆ ಅಡಗಿಸಿದ ರಹಸ್ಯವನ್ನು ಲಾಗಿನಲ್ಲಿ ಬಿಟ್ಟುಕೊಡಬಾರದು. ಡಬ್ಬಿಯ ಜಾಗದ ಫೋಟೊ ಹಾಕಿ ಮುಂದಿನವರ ಹುಡುಕಾಟದ ಸಂತೋಷವನ್ನು ಕಸಿದುಕೊಳ್ಳಬಾರದು.

ಸಿಗದಿದ್ದರೆ ಸಿಗಲಿಲ್ಲವೆಂದು ಬರೆಯಬೇಕು. ಇದನ್ನು ಡಿಎನ್ಎಫ್, ಅಂದರೆ ಡಿಡ್ ನಾಟ್ ಫೈಂಡ್ ಎನ್ನುತ್ತಾರೆ. ಇದನ್ನು ಬರೆಯಲು ಬಹಳ ಮಂದಿ ನಾಚುತ್ತಾರೆ. ಶಾಲೆಯಲ್ಲಿ ನಪಾಸಾದುದನ್ನು ಮುಚ್ಚಿಟ್ಟಂತೆ ಮುಚ್ಚಿಡುತ್ತಾರೆ. ಆದರೆ ಡಬ್ಬಿ ಕಳೆದುಹೋಗಿದೆಯೆಂದು ಇಟ್ಟವರಿಗೆ ತಿಳಿಯುವುದು ಇದೊಂದರಿಂದಲೇ. ನಮ್ಮ ಎರಡನೆಯ ಡಬ್ಬಿ ನಾಪತ್ತೆಯಾದಾಗ ಆರು ವಾರಗಳ ಕಾಲ ಯಾವ ಲಾಗೂ ಬರಲಿಲ್ಲ. ಯಾರೂ ಹೋಗಿಲ್ಲವೆಂದೇ ತಿಳಿದಿದ್ದೆವು. ಆಮೇಲೆ ಸ್ಥಳೀಯ ಆಟಗಾರರ ಕೂಟದಲ್ಲಿ ಮಾತನಾಡುವಾಗ, ಅಲ್ಲಿಗೆ ಹೋಗಿ ಕಾಣದೆ ಮರಳಿದವರು ನಾಲ್ವರಿದ್ದರೆಂದು ತಿಳಿಯಿತು. ಆ ದಿನದಿಂದ ನಮ್ಮ 67 ಸೋಲುಗಳನ್ನೂ ತಾಣದಲ್ಲಿ ದಾಖಲಿಸಿದ್ದೇವೆ; ಹಳೆಯವನ್ನು ಕೂಡ ದಿನಾಂಕ ನೆನಪಿಸಿಕೊಂಡು ಬರೆದೆವು. ಇನ್ನೊಂದು ಕೆಟ್ಟ ರೂಢಿಯೂ ಇದೆ. ಡಬ್ಬಿ ಸಿಗದಿದ್ದಾಗ ಕೆಲವರು ಜೇಬಿನಿಂದ ಬೇರೊಂದು ಸಣ್ಣ ಡಬ್ಬಿಯನ್ನು ತೆಗೆದು ಅಲ್ಲಿ ಎಸೆದು, ಸಿಕ್ಕಿತೆಂದು ಬರೆದುಕೊಳ್ಳುತ್ತಾರೆ. ಒಂದು ಸಲ ನಮಗೆ ಒಂದೇ ಮರದಲ್ಲಿ ಎರಡು ಡಬ್ಬಿಗಳು ಸಿಕ್ಕವು. ಮೂಲ ಡಬ್ಬಿ ಕೊಂಬೆಯ ಪೊಟರೆಯಲ್ಲಿ ಕ್ಷೇಮವಾಗಿಯೇ ಇತ್ತು. ಸಹಾಯ ಮಾಡಿದೆನೆಂಬ ಭಾವನೆಯಿಂದ ನಡೆಯುವ ಈ ಕೆಲಸ, ಡಬ್ಬಿ ಇಟ್ಟವರ ಹಕ್ಕನ್ನು ಅವರನ್ನು ಕೇಳದೆಯೇ ಕಿತ್ತುಕೊಂಡಂತೆ. ಇಟ್ಟವರು ಬಯಸಿ ಒಪ್ಪಿದರೆ ಮಾತ್ರ ಬದಲಿ ಡಬ್ಬಿ ಇಡಬೇಕು.

ಡಬ್ಬಿಯೊಳಗಿನ ವಸ್ತುಗಳ ಕೊಡುಕೊಳ್ಳುವಿಕೆ ಮಕ್ಕಳಿಗೆ ಪ್ರಿಯವಾದ ಭಾಗ. ತೆಗೆದುಕೊಂಡದ್ದಕ್ಕೆ ಸಮನಾದದ್ದನ್ನೋ ಅದಕ್ಕಿಂತ ಒಳ್ಳೆಯದನ್ನೋ ಇಡಬೇಕು, ಇಲ್ಲವಾದರೆ ಏನನ್ನೂ ಮುಟ್ಟದೆ ಹೆಸರನ್ನಷ್ಟೇ ಬರೆದು ಬರಬೇಕು. ಮಗಳು ಚನ್ನಪಟ್ಟಣದ ಪುಟ್ಟ ಬುಗುರಿಗಳನ್ನು ಚೀಲದಲ್ಲಿಟ್ಟುಕೊಂಡು ಬರುತ್ತಾಳೆ. ಒಂದು ಸಲ ಯಾರೋ ಇಟ್ಟಿದ್ದ ಪೆಪ್ಪರ್‌ಮಿಂಟಿನ ವಾಸನೆಗೆ ಅಳಿಲುಗಳು ಪ್ಲಾಸ್ಟಿಕ್ ಡಬ್ಬಿಯ ಮೂಲೆಯನ್ನೇ ಕಡಿದು ತೂತು ಮಾಡಿದ್ದವು. ತಿನಿಸು ಇಡಬಾರದೆಂಬ ನಿಯಮದ ಅರ್ಥವನ್ನು ಅವಳು ಅಲ್ಲಿ ಕಣ್ಣಾರೆ ಕಂಡಳು. ಟ್ರ್ಯಾವೆಲ್ ಬಗ್ ಎಂಬುದು ಬೇರೆಯೇ ವಸ್ತು: ಸಂಖ್ಯೆ ಕೆತ್ತಿದ ಲೋಹದ ಬಿಲ್ಲೆ. ಅದಕ್ಕೆ ಬೇಕಾದ ವಸ್ತುವನ್ನು ಕಟ್ಟಿ ಡಬ್ಬಿಯಲ್ಲಿ ಬಿಟ್ಟರೆ, ಒಬ್ಬರಿಂದ ಒಬ್ಬರ ಕೈ ಸೇರಿ ಊರೂರು ಸುತ್ತುತ್ತದೆ, ಅದರ ಪ್ರಯಾಣವನ್ನು ತಾಣದ ನಕ್ಷೆಯಲ್ಲಿ ನೋಡುತ್ತಿರಬಹುದು. 2021ರಲ್ಲಿ ಮಂಗಳ ಗ್ರಹದಲ್ಲಿ ಇಳಿದ ಪರ್ಸಿವಿಯರೆನ್ಸ್ ರೋವರಿನಲ್ಲಿಯೂ ಇಂತಹ ಸಂಖ್ಯೆಯೊಂದಿದೆ. ಇದು ಇಟ್ಟುಕೊಳ್ಳುವ ವಸ್ತುವಲ್ಲ, ಮುಂದಕ್ಕೆ ಸಾಗಿಸಬೇಕಾದದ್ದು. ನಾವು ಚನ್ನಪಟ್ಟಣದ ಮರದ ಆನೆಯೊಂದನ್ನು ಹೀಗೆ ಕಳುಹಿಸಿದೆವು. ಕರ್ನಾಟಕವನ್ನು ತಲುಪಲಿ ಎಂಬುದು ಅದರ ಗುರಿ. ಅದು ಐಡಾಹೊ ದಾಟಿ, ಷಿಕಾಗೊ ಮೂಲಕ ಜರ್ಮನಿಗೆ ಹೋಗಿ, ಅಲ್ಲಿ ಯಾರದೋ ಕೈ ಸೇರಿ ಎರಡು ವರ್ಷಗಳಿಂದ ಮೌನವಾಗಿದೆ. ಮಗಳು ತಿಂಗಳಿಗೊಮ್ಮೆ ಆ ಪುಟವನ್ನು ತೆರೆದು ನೋಡುತ್ತಾಳೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಬೇಕಾದರೆ ಒಡೆಯರಿಗೆ ಒಂದು ಸಾಲು ಬರೆದು ತಿಳಿಸುವ ಒಳ್ಳೆಯ ರೂಢಿಯನ್ನು ಎಲ್ಲರೂ ಪಾಲಿಸಿದರೆ, ಎಷ್ಟೋ ಮಕ್ಕಳ ಕಾಯುವಿಕೆ ಹಗುರವಾಗುತ್ತದೆ.

ಹೊರಡುವ ಮೊದಲು ಚೀಲದಲ್ಲಿ ಇರಬೇಕಾದವು ಹೆಚ್ಚೇನಲ್ಲ. ಒರೆಗಾನಿನ ತೇವಕ್ಕೆ ಪೆನ್ನು ಬರೆಯುವುದಿಲ್ಲ, ಆದ್ದರಿಂದ ಪೆನ್ಸಿಲ್. ಬೆರಳ ತುದಿಯಷ್ಟೇ ಇರುವ ನ್ಯಾನೊ ಡಬ್ಬಿಯಿಂದ ಸುರುಳಿ ಕಾಗದವನ್ನು ತೆಗೆಯಲು ಚಿಮಟ. ಒದ್ದೆಯಾದ ಪುಸ್ತಕ ಕಂಡರೆ ಒರೆಸಲು ಒಣ ಬಟ್ಟೆ. ದಾರಿಯಲ್ಲಿ ಬಿದ್ದ ಕಸ ಎತ್ತಿಕೊಂಡು ಬರಲು ಒಂದು ಚೀಲ. ಡಬ್ಬಿಯ ಕಡೆಗೆ ಹೋಗುವಾಗ ಬರಿಗೈ, ಬರುವಾಗ ಕಸದ ಚೀಲ ಎಂಬ ಅಭ್ಯಾಸಕ್ಕೆ 2002ರಿಂದಲೂ ಈ ತಾಣ ಉತ್ತೇಜನ ಕೊಡುತ್ತಿದೆ, ಸೈಟೊ (ಕ್ಯಾಶ್ ಇನ್ ಟ್ರ್ಯಾಶ್ ಔಟ್ ಎಂಬುದರ ಮೊದಲಕ್ಷರಗಳು) ಎಂಬ ಹೆಸರಿನಲ್ಲಿ ಸಾಮೂಹಿಕ ಸ್ವಚ್ಛತಾ ದಿನಗಳೂ ನಡೆಯುತ್ತವೆ.

ಊರಿಗೆ ಹೋದಾಗ ಬೆಂಗಳೂರು ಮೈಸೂರುಗಳ ನಕ್ಷೆ ತೆರೆದರೆ, ಪೋರ್ಟ್‌ಲ್ಯಾಂಡಿನ ದಟ್ಟಣೆಗೆ ಹೋಲಿಸಿದಾಗ ಡಬ್ಬಿಗಳು ಬಹಳ ವಿರಳ. ಅಮ್ಮನ ಮನೆಯ ಹತ್ತಿರದ ಕೆರೆ ಏರಿಯ ಮೇಲೆ ಒಂದನ್ನು ಇಟ್ಟು ಬರಬೇಕೆಂಬ ಆಸೆ ನನಗಿತ್ತು. ಆದರೆ ನಿಯಮಗಳನ್ನು ಓದಿದಾಗ, ರಜೆಗೆಂದು ಹೋದ ಊರಿನಲ್ಲಿ ಡಬ್ಬಿ ಇಟ್ಟು ಬರಬಾರದು, ಹಾಳಾದರೆ ಬೇಗನೆ ಹೋಗಿ ಸರಿಪಡಿಸುವವರು ಹತ್ತಿರದಲ್ಲಿರಬೇಕು ಎಂದಿತ್ತು. ಅದು ನ್ಯಾಯವೇ. ಮಳೆಗೆ ಒಡೆದು ಬಿದ್ದ ಡಬ್ಬಿ ಕೆರೆಗೆ ಸೇರುವ ಇನ್ನೊಂದು ಪ್ಲಾಸ್ಟಿಕ್ ಕಸವೇ ಆಗುತ್ತದೆ. ಹುಡುಕುವ ಆಸಕ್ತಿಯುಳ್ಳ ಸ್ಥಳೀಯರು ತಾವೇ ಇಟ್ಟು, ಜಾಗದವರ ಒಪ್ಪಿಗೆ ಪಡೆದು, ವಾಚ್‌ಮನ್ನರಿಗೂ ತಿಳಿಸಿ ನೋಡಿಕೊಂಡರೆ ಮಾತ್ರ ನಮ್ಮಲ್ಲಿ ಇದು ಬೆಳೆಯುತ್ತದೆ. ಲಾಲ್‌ಬಾಗಿನ ಬಂಡೆಯಂತಹ ಕಡೆಗಳಿಗೆ ಡಬ್ಬಿಯೇ ಬೇಡದ ಅರ್ತ್‌ಕ್ಯಾಶ್ ಎಂಬ ಬಗೆ ಹೆಚ್ಚು ಸೂಕ್ತ. ಅಲ್ಲಿ ಏನನ್ನೂ ಇಡದೆ, ನೆಲದ ರಚನೆಯನ್ನು ನೋಡಿ ಪ್ರಶ್ನೆಗಳಿಗೆ ಉತ್ತರ ಕಳುಹಿಸಿದರೆ ಸಾಕು.

ಸೇವೆಗೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಸ್ವಯಂಸೇವಕ ಪರಿಶೀಲಕರ ತಾಳ್ಮೆಗೆ, ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರವಿರಬೇಕೆಂಬಂತಹ ಸ್ಪಷ್ಟ ನಿಯಮಗಳಿಗೆ, ಲಾಗ್ ವ್ಯವಸ್ಥೆಗೆ ಪೂರ್ಣ ಅಂಕ. ಒಂದು ಅಂಕ ಕಳೆದದ್ದು, ಹೊಸಬರು ಮೊದಲ ಡಬ್ಬಿಗೆ ಕೈ ಹಾಕುವ ಮುನ್ನ ನಡವಳಿಕೆಯ ಪಾಠ ಅವರ ಕಣ್ಣಿಗೆ ಇನ್ನೂ ಎದ್ದು ಕಾಣುವಂತಿರಬೇಕಿತ್ತು ಎಂಬ ಕಾರಣಕ್ಕೆ. ಇದ್ದಂತೆಯೇ ಇಡಿ, ಸಿಗದಿದ್ದರೂ ಬರೆಯಿರಿ ಎಂಬ ಎರಡು ಮಾತುಗಳು ನಕ್ಷೆಗಿಂತ ಮೊದಲು ಕಾಣಬೇಕು. ಹೊಸದಾಗಿ ಸೇರುವವರು ಆರಂಭದಲ್ಲಿಯೇ ಶುಲ್ಕ ಕಟ್ಟುವುದು ಬೇಡ. ಮನೆಯ ಸುತ್ತಲಿನ ಸುಲಭದ ಹತ್ತು ಡಬ್ಬಿಗಳನ್ನು ಹಗಲು ಹೊತ್ತಿನಲ್ಲಿ ಹುಡುಕಿ, ಪ್ರತಿಯೊಂದಕ್ಕೂ ಎರಡು ಸಾಲಾದರೂ ಲಾಗ್ ಬರೆಯಿರಿ. ನೂರು ಡಬ್ಬಿಗಳನ್ನು ನೋಡುವ ತನಕ ಸ್ವಂತ ಡಬ್ಬಿ ಇಡಲು ಹೋಗಬೇಡಿ. ಹಿಲ್ಸ್‌ಬರೊ, ಬೀವರ್ಟನ್ ಕಡೆಯ ಕನ್ನಡಿಗರು ಯಾರಾದರೂ ಮಕ್ಕಳೊಂದಿಗೆ ಆರಂಭಿಸುವುದಾದರೆ ಶನಿವಾರ ಬೆಳಿಗ್ಗೆ ನಮ್ಮ ಜೊತೆ ಬರಬಹುದು; ಪೆನ್ಸಿಲ್ ಮತ್ತು ಚಿಮಟ ನಮ್ಮಲ್ಲಿ ಇರುತ್ತವೆ.